ಮಕ್ಕಳ ಪದವಿ: ಸಂಬಳದ ಲೆಕ್ಕ ಮತ್ತು ಸಮುದಾಯದ ಹೊಣೆ

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತದೆ: ಮುಂದೇನು? ಮಸೀದಿಯ ಅಂಗಳದಲ್ಲಿ, ಮದುವೆಯ ಊಟದ ಮನೆಯಲ್ಲಿ, ಗಲ್ಫ್‌ನಿಂದ ಬರುವ ಫೋನ್ ಕರೆಗಳಲ್ಲಿ ಕೆಲವು ವಾರಗಳ ಕಾಲ ಇದೇ ಮಾತು. ಬೇಗನೆ ಸಂಪಾದನೆಗೆ ಹಚ್ಚುವ ವೃತ್ತಿ ಶಿಕ್ಷಣಕ್ಕೆ ಸೇರಿಸಬೇಕೇ, ಇಲ್ಲವೇ ಇತಿಹಾಸ, ಭಾಷೆ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳಂತಹ ವಿಷಯಗಳ ಪದವಿಗೆ ಕಳುಹಿಸಬೇಕೇ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಾವು ಮಗುವಿನ ಮುಖವನ್ನು ನೋಡುವುದಕ್ಕಿಂತ ನೆಂಟರಿಷ್ಟರ ಮುಖವನ್ನು ನೋಡುವುದೇ ಹೆಚ್ಚು.

ಕಳೆದ ವರ್ಷ ಒಂದು ದಿನ ಮಗ್‌ರಿಬ್ ನಮಾಝಿನ ಬಳಿಕ ನಮ್ಮ ಪರಿಚಯದ ತಂದೆಯೊಬ್ಬರು ನಮ್ಮನ್ನು ಮಸೀದಿಯ ಜಗಲಿಯಲ್ಲಿ ಕೂರಿಸಿಕೊಂಡರು. ಅವರದು ದ್ವಿಚಕ್ರ ವಾಹನಗಳ ಸಣ್ಣ ಗ್ಯಾರೇಜು. ಅದರ ದುಡಿಮೆಯಲ್ಲಿಯೇ ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಮಗ ಎಸ್ಸೆಸ್ಸೆಲ್ಸಿ ಮುಗಿಸಿದ್ದ. ಶಾಲೆ ಬಿಟ್ಟೊಡನೆ ಗ್ಯಾರೇಜಿಗೆ ಓಡಿಬಂದು ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿಯೇ ಅವನ ಸಂತೋಷ. ಮಗಳು ಪಿಯುಸಿ ಕಲಾ ವಿಭಾಗದಲ್ಲಿ ಇತಿಹಾಸಕ್ಕೆ ಕಾಲೇಜಿಗೇ ಹೆಚ್ಚಿನ ಅಂಕ ಪಡೆದಿದ್ದಳು. ತಂದೆಯ ನಿರ್ಧಾರ ಹೀಗಿತ್ತು: ಮಗನನ್ನು ಹೇಗಾದರೂ ಪಿಯುಸಿ ವಾಣಿಜ್ಯಕ್ಕೆ ಸೇರಿಸಿ ಪದವೀಧರನನ್ನಾಗಿ ಮಾಡಬೇಕು, ಮಗಳನ್ನು ಖಾಸಗಿ ಕಾಲೇಜೊಂದರ ಆಸ್ಪತ್ರೆ ಆಡಳಿತದ ಕೋರ್ಸಿಗೆ ಸೇರಿಸಬೇಕು. "ಮಗನ ಕೈಗೆ ನನ್ನ ಹಾಗೆ ಎಣ್ಣೆಮಸಿ ಹತ್ತಬಾರದು. ಮಗಳು ಬಿ.ಎ. ಮಾಡಿದರೆ ಅದರಿಂದ ಯಾರಿಗೇನು ಬಂತು? ನೀವೇ ಹೇಳಿ" ಎಂದರು.

ಅವರ ಮಾತು ನಮ್ಮನ್ನು ಬಹಳ ದಿನ ಕಾಡಿತು. ಕೈಕೆಲಸವನ್ನು ಪ್ರೀತಿಸುವ ಮಗನಿಗೆ ಪುಸ್ತಕದ ಪದವಿ, ಪುಸ್ತಕವನ್ನು ಪ್ರೀತಿಸುವ ಮಗಳಿಗೆ ಕೆಲಸದ ಕೋರ್ಸು! ಆ ತಂದೆ ಕೆಟ್ಟವರಲ್ಲ, ಮಕ್ಕಳ ಒಳಿತನ್ನೇ ಬಯಸುವವರು. ಆದರೆ ಎರಡು ತಪ್ಪು ಕಲ್ಪನೆಗಳು ಅವರನ್ನು ಹಿಡಿದಿದ್ದವು. ಒಂದು, ಕೈಕಸುಬು ಕೀಳು ಎಂಬುದು. ಇನ್ನೊಂದು, ಮಾನವಿಕ ವಿಷಯಗಳು ನಿರುಪಯುಕ್ತ ಎಂಬುದು. ಈ ಎರಡನ್ನೂ ಅವರಿಗೆ ಕಲಿಸಿದವರು ನಾವೇ, ಅಂದರೆ ಇಡೀ ಸಮುದಾಯ. ಆದ್ದರಿಂದ ಉತ್ತರವನ್ನೂ ನಾವೆಲ್ಲರೂ ಸೇರಿ ಹುಡುಕಬೇಕಾಗಿದೆ.

ಮೊದಲು ಕೈಕಸುಬಿನ ವಿಚಾರ. ಅಲ್ಲಾಹನು ದಾವೂದ್(ಅ) ಅವರಿಗೆ ಕಬ್ಬಿಣವನ್ನು ಮೆದುಗೊಳಿಸಿಕೊಟ್ಟು, ಅಳತೆ ತಪ್ಪದಂತೆ ಕವಚಗಳನ್ನು ತಯಾರಿಸಲು ಆಜ್ಞಾಪಿಸಿದ ಪ್ರಸಂಗವು ಪವಿತ್ರ ಕುರ್‌ಆನಿನ ಸಬಾ ಅಧ್ಯಾಯದಲ್ಲಿದೆ. ಅವರು ಪ್ರವಾದಿಯೂ ಆಗಿದ್ದರು, ದೊರೆಯೂ ಆಗಿದ್ದರು. ಆದರೂ ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಪ್ರವಾದಿ ಮುಹಮ್ಮದ್(ಸ) ತಿಳಿಸಿದ್ದಾರೆ. ಸ್ವಂತ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲ ಎಂಬ ಬೋಧನೆಯೊಂದಿಗೆ ಇದು ಬುಖಾರಿಯಲ್ಲಿ ವರದಿಯಾಗಿದೆ. ನೂಹ್(ಅ) ಅವರು ಅಲ್ಲಾಹನ ಮಾರ್ಗದರ್ಶನದಲ್ಲಿ ಹಡಗು ಕಟ್ಟಿದರು. ಝಕರಿಯ್ಯಾ(ಅ) ಬಡಗಿಯಾಗಿದ್ದರು. ಹನಫೀ ಮದ್‌ಹಬ್‌ನ ಇಮಾಮ್ ಅಬೂ ಹನೀಫಾ(ರ) ಕೂಫಾ ನಗರದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರ ನಡೆಸುತ್ತಲೇ ಫಿಕ್‌ಹಿನ ಮಹಾ ವಿದ್ವಾಂಸರಾದರು.

ಸಹಾಯ ಯಾಚಿಸಿ ಬಂದ ಅನ್ಸಾರಿಯೊಬ್ಬರ ಪ್ರಸಂಗವೂ ನಮಗೆ ಪರಿಚಿತವೇ. ಪ್ರವಾದಿವರ್ಯರು(ಸ) ಅವರ ಮನೆಯಲ್ಲಿದ್ದ ಹೊದಿಕೆಯನ್ನೂ ಬಟ್ಟಲನ್ನೂ ತರಿಸಿ ಎರಡು ದಿರ್ಹಮಿಗೆ ಮಾರಿಸಿದರು. ಒಂದು ದಿರ್ಹಮಿನಿಂದ ಮನೆಯವರಿಗೆ ಆಹಾರ, ಇನ್ನೊಂದರಿಂದ ಕೊಡಲಿ. ತಾವೇ ಸ್ವತಃ ಅದಕ್ಕೆ ಕಾವು ಜೋಡಿಸಿಕೊಟ್ಟು, ಸೌದೆ ಕಡಿದು ಮಾರಲು ಕಳುಹಿಸಿದರು. ಅಬೂ ದಾವೂದ್ ಸಂಗ್ರಹದಲ್ಲಿರುವ ಈ ಪ್ರಸಂಗದಲ್ಲಿ ವೃತ್ತಿ ಶಿಕ್ಷಣದ ತಿರುಳೇ ಇದೆ. ಮನುಷ್ಯನ ಘನತೆಯನ್ನು ಉಳಿಸುವ ಉಪಕರಣವೊಂದನ್ನು ಅವನ ಕೈಗೆ ಕೊಡುವುದು ದಾನಕ್ಕಿಂತ ದೊಡ್ಡದು. ಹೀಗಿರುವಾಗ ಐಟಿಐ ಮಾಡಿದ ಹುಡುಗನಿಗೆ ಹೆಣ್ಣು ಕೊಡಲು ಹಿಂಜರಿಯುವ, ಮೆಕ್ಯಾನಿಕನನ್ನು ಏಕವಚನದಲ್ಲಿ ಕರೆದು ಗುಮಾಸ್ತನನ್ನು "ಸರ್" ಎನ್ನುವ ನಮ್ಮ ರೂಢಿಗೆ ಇಸ್ಲಾಮಿನಲ್ಲಿ ಯಾವ ಆಧಾರವಿದೆ? ಆ ತಂದೆ ತನ್ನ ಎಣ್ಣೆಮಸಿಯ ಕೈಗೆ ನಾಚಿದ್ದರೆ, ಆ ನಾಚಿಕೆಯನ್ನು ಅವರಲ್ಲಿ ತುಂಬಿದ ನಾವು ಅಲ್ಲಾಹನ ಮುಂದೆ ಉತ್ತರಿಸಬೇಕು.

ಈಗ ಮಾನವಿಕ ವಿಷಯಗಳ ಕಡೆಗೆ ಬರೋಣ. ಭೂಮಿಯಲ್ಲಿ ಸಂಚರಿಸಿ ಗತಿಸಿಹೋದ ಜನಾಂಗಗಳ ಅಂತ್ಯವೇನಾಯಿತೆಂದು ನೋಡುವಂತೆ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಮನುಷ್ಯರ ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಅರ್ರೂಮ್ ಅಧ್ಯಾಯವು ಅಲ್ಲಾಹನ ನಿದರ್ಶನವೆಂದು ಸಾರುತ್ತದೆ. ಜನಾಂಗ ಮತ್ತು ಗೋತ್ರಗಳನ್ನು ಮಾಡಿರುವುದು ಪರಸ್ಪರ ಅರಿಯುವುದಕ್ಕಾಗಿ ಎಂದು ಅಲ್ ಹುಜುರಾತ್ ಅಧ್ಯಾಯ ತಿಳಿಸುತ್ತದೆ. ಗತಿಸಿದವರ ಅಧ್ಯಯನವನ್ನು ನಾವು ಇತಿಹಾಸ ಎನ್ನುತ್ತೇವೆ, ನಾಲಗೆಗಳ ಅಧ್ಯಯನವನ್ನು ಭಾಷಾಶಾಸ್ತ್ರ ಎನ್ನುತ್ತೇವೆ, ಜನರನ್ನು ಅರಿಯುವುದನ್ನು ಸಮಾಜಶಾಸ್ತ್ರ ಎನ್ನುತ್ತೇವೆ. ಹೆಸರುಗಳು ಹೊಸವು, ನೋಡಲು, ಯೋಚಿಸಲು, ಅರಿಯಲು ಬಂದ ಕರೆ ಹಳೆಯದು.

ಮದೀನಾದಲ್ಲಿ ಯಹೂದಿಯರೊಂದಿಗೆ ಪತ್ರವ್ಯವಹಾರ ನಡೆಸಬೇಕಾದಾಗ ಪ್ರವಾದಿವರ್ಯರು(ಸ) ಎಳೆಯ ಪ್ರಾಯದ ಝೈದ್ ಇಬ್ನು ಸಾಬಿತ್(ರ) ಅವರಿಗೆ ಅವರ ಬರಹವನ್ನು ಕಲಿಯಲು ಸೂಚಿಸಿದರು. ಸುಮಾರು ಅರ್ಧ ತಿಂಗಳೊಳಗೆ ಅವರು ಅದನ್ನು ಕಲಿತರು. ಮುಂದೆ ಕುರ್‌ಆನನ್ನು ಗ್ರಂಥರೂಪದಲ್ಲಿ ಸಂಗ್ರಹಿಸುವ ಮಹಾ ಹೊಣೆ ಬಿದ್ದುದೂ ಈ ಬರಹಗಾರ ಯುವಕನ ಹೆಗಲಿಗೇ. ಬದ್ರ್ ಯುದ್ಧದ ಕೈದಿಗಳಲ್ಲಿ ಹಣವಿಲ್ಲದ ಅಕ್ಷರಸ್ಥರಿಗೆ, ಮದೀನಾದ ಮಕ್ಕಳಿಗೆ ಬರಹ ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ನಿಗದಿಪಡಿಸಲಾಯಿತು. ಉಮ್ಮುಲ್ ಮುಅ್‌ಮಿನೀನ್ ಆಯಿಶಾ(ರ) ಅವರು ಹದೀಸ್ ಮತ್ತು ಫಿಕ್‌ಹಿನಲ್ಲಿ ಮಾತ್ರವಲ್ಲದೆ ಅರಬರ ಕಾವ್ಯ ಮತ್ತು ವೈದ್ಯದಲ್ಲಿಯೂ ಅಪಾರ ಜ್ಞಾನ ಹೊಂದಿದ್ದರೆಂದು ಅವರ ಸಹೋದರಿಯ ಪುತ್ರ ಉರ್ವಾ(ರ) ಸ್ಮರಿಸಿದ್ದಾರೆ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಲೇಖನಿ: ಆ ಸಮಾಜ ಎರಡನ್ನೂ ಹಿಡಿದಿತ್ತು.

ಹಾಗಾದರೆ ಯಾರು ಯಾವುದನ್ನು ಆರಿಸಿಕೊಳ್ಳಬೇಕು? ಇಲ್ಲಿ ನಮ್ಮ ವಿದ್ವಾಂಸರು ಕೊಟ್ಟಿರುವ ಒಂದು ಅಮೂಲ್ಯ ಅಳತೆಗೋಲಿದೆ, ಫರ್ಝ್ ಕಿಫಾಯ. ಸಮುದಾಯದಲ್ಲಿ ಕೆಲವರಾದರೂ ನಿರ್ವಹಿಸಲೇಬೇಕಾದ, ಯಾರೂ ನಿರ್ವಹಿಸದಿದ್ದರೆ ಎಲ್ಲರೂ ತಪ್ಪಿತಸ್ಥರಾಗುವ ಕರ್ತವ್ಯವದು. ಎಲ್ಲರೂ ಒಟ್ಟಾಗಿ ಯುದ್ಧಕ್ಕೆ ಹೊರಡುವುದು ಸಲ್ಲದು, ಪ್ರತಿಯೊಂದು ಗುಂಪಿನಿಂದ ಕೆಲವರು ಧರ್ಮದ ತಿಳುವಳಿಕೆ ಪಡೆಯುವುದಕ್ಕಾಗಿ ಮುಂದೆ ಬರಬೇಕು ಎಂಬ ಅರ್ಥದ ಮಾರ್ಗದರ್ಶನ ಅತ್ತೌಬಃ ಅಧ್ಯಾಯದ 122ನೆಯ ಸೂಕ್ತದಲ್ಲಿದೆ. ಯುದ್ಧದಂತಹ ತುರ್ತಿನ ವೇಳೆಯಲ್ಲಿಯೂ ಒಂದೇ ಕೆಲಸಕ್ಕೆ ಎಲ್ಲರೂ ನುಗ್ಗಬಾರದೆಂದು ಕಲಿಸಿದ ಗ್ರಂಥ ನಮ್ಮದು.

ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ) ತಮ್ಮ ಇಹ್ಯಾ ಗ್ರಂಥದ ಜ್ಞಾನದ ಅಧ್ಯಾಯದಲ್ಲಿ ಈ ಕರ್ತವ್ಯದ ವ್ಯಾಪ್ತಿಯನ್ನು ವಿವರಿಸಿದ್ದಾರೆ. ವೈದ್ಯ ಮತ್ತು ಗಣಿತದೊಂದಿಗೆ ಬೇಸಾಯ, ನೇಯ್ಗೆ, ಹೊಲಿಗೆಯಂತಹ ಕಸುಬುಗಳನ್ನೂ ಅವರು ಫರ್ಝ್ ಕಿಫಾಯದಲ್ಲಿ ಸೇರಿಸಿದ್ದಾರೆ. ಅನಂತರ ತಮ್ಮ ಕಾಲದ ಬಗ್ಗೆ ಒಂದು ಕಟುವಾದ ದೂರನ್ನೂ ದಾಖಲಿಸಿದ್ದಾರೆ. ಎಷ್ಟೋ ಊರುಗಳಲ್ಲಿ ಮುಸ್ಲಿಮ್ ವೈದ್ಯನೇ ಇಲ್ಲ. ಆದರೂ ಆ ಕಡೆಗೆ ಯಾರೂ ತಲೆಹಾಕುತ್ತಿಲ್ಲ. ಎಲ್ಲರೂ ಫಿಕ್‌ಹಿನ ವಾದವಿವಾದಗಳ ವಿದ್ಯೆಗೇ ಮುಗಿಬೀಳುತ್ತಿದ್ದಾರೆ ಎಂಬುದು ಆ ದೂರು. ಆ ವಿದ್ಯೆಯಲ್ಲಿ ಸ್ಥಾನಮಾನವಿತ್ತು, ಅಧಿಕಾರಸ್ಥರ ಸಾಮೀಪ್ಯವಿತ್ತು. ಜನ ಅಗತ್ಯವನ್ನು ಬಿಟ್ಟು ಪ್ರತಿಷ್ಠೆಯ ಬೆನ್ನು ಹತ್ತಿದ್ದರು.

ಒಂಬತ್ತು ಶತಮಾನಗಳ ಬಳಿಕ ನಾವು ಅದೇ ತಪ್ಪನ್ನು ತಿರುಗುಮುರುಗಾಗಿ ಮಾಡುತ್ತಿದ್ದೇವೆ. ಇಂದು ಪ್ರತಿಷ್ಠೆ ಇರುವುದು ಎಂಜಿನಿಯರಿಂಗ್ ಮತ್ತು ವೈದ್ಯಕೀಯದಲ್ಲಿ. ಅಲ್ಲಿ ಸೀಟು ಸಿಗದವರು ಯಾವುದಾದರೊಂದು "ಜಾಬ್ ಗ್ಯಾರಂಟಿ" ಕೋರ್ಸಿಗೆ ಹೋಗುತ್ತಾರೆ. ಅದೂ ಆಗದವರು ಮಾತ್ರ ಕಲಾ ವಿಭಾಗಕ್ಕೆ ಬರುತ್ತಾರೆ. ಇತಿಹಾಸವನ್ನು ಪ್ರೀತಿಸಿ ಇತಿಹಾಸ ಓದುವ ನಮ್ಮ ಮಗು ಅಪರೂಪ. ಪರಿಣಾಮವನ್ನು ಎಲ್ಲರೂ ಕಾಣುತ್ತಿದ್ದೇವೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸ ಇಂದಿಗೂ ನಿಂತಿದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಮ್ಮ ಯುವಕರಲ್ಲಿ ಅದರ ಗೋಡೆಯ ಬರಹವನ್ನು ಓದಬಲ್ಲವರೆಷ್ಟು? ಕಲಬುರಗಿ, ವಿಜಯಪುರಗಳ ಸುಲ್ತಾನರ ಕಾಲದ ಪಾರ್ಸಿ ಮತ್ತು ದಖನಿ ದಾಖಲೆಗಳನ್ನು ಓದಿ ಕನ್ನಡಕ್ಕೆ ತರಬಲ್ಲವರೆಷ್ಟು? ವಕ್ಫ್ ಆಸ್ತಿಯ ಪ್ರಶ್ನೆ ಎದ್ದಾಗ ಹಳೆಯ ದಾಖಲೆ ಓದಬಲ್ಲವರಿಗಾಗಿ, ಪತ್ರಿಕೆಯಲ್ಲಿ ನಮ್ಮ ಕುರಿತು ತಪ್ಪು ವರದಿ ಬಂದಾಗ ತಿಳಿಗನ್ನಡದಲ್ಲಿ ಉತ್ತರಿಸಬಲ್ಲವರಿಗಾಗಿ ನಾವು ಹುಡುಕಾಡುತ್ತೇವೆ. ನಮ್ಮ ಇತಿಹಾಸವನ್ನು ಬೇರೆಯವರು ತಪ್ಪಾಗಿ ಬರೆದರೆಂದು ನೊಂದುಕೊಳ್ಳುತ್ತೇವೆ, ಅದನ್ನು ಸರಿಯಾಗಿ ಬರೆಯಬಲ್ಲ ಮಗಳಿಗೆ ಮಾತ್ರ "ಬಿ.ಎ. ಬೇಡ" ಎನ್ನುತ್ತೇವೆ.

ಆಡಳಿತದ ವಿಚಾರವನ್ನೂ ನೋಡೋಣ. 2005ರಲ್ಲಿ ನೇಮಕಗೊಂಡು 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯ ಪ್ರಕಾರ, ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3 ಮತ್ತು ಐಪಿಎಸ್‌ನಲ್ಲಿ ಶೇ. 4ರಷ್ಟು ಮಾತ್ರ ಇದ್ದರು. 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ. ಇದಕ್ಕೆ ತಾರತಮ್ಯ, ಬಡತನ ಮೊದಲಾದ ಹಲವು ಕಾರಣಗಳಿವೆ; ಎಲ್ಲವೂ ನಮ್ಮ ಕೈಯಲ್ಲಿಲ್ಲ. ಆದರೆ ನಾಗರಿಕ ಸೇವಾ ಪರೀಕ್ಷೆಗೂ ಕೆಎಎಸ್ ಪರೀಕ್ಷೆಗೂ ಯಾವುದೇ ಮಾನ್ಯ ಪದವಿ ಸಾಕು ಎಂಬುದು, ಆ ಪರೀಕ್ಷೆಗಳಲ್ಲಿ ಕೇಳುವ ಇತಿಹಾಸ, ಸಂವಿಧಾನ, ಭೂಗೋಳ, ಅರ್ಥಶಾಸ್ತ್ರಗಳು ನಾವು ಕೀಳೆಂದು ಬಗೆದ ಕಲಾ ವಿಭಾಗದ ಪಾಠಗಳೇ ಎಂಬುದು ಎಷ್ಟು ತಂದೆತಾಯಂದಿರಿಗೆ ಗೊತ್ತಿದೆ?

ಇಷ್ಟು ಹೇಳಿದ ಮೇಲೆ, ಬಿ.ಎ. ಪದವಿಯ ಬಗ್ಗೆ ಹುಸಿ ಭರವಸೆ ನೀಡುವ ತಪ್ಪನ್ನು ನಾವು ಮಾಡಲಾರೆವು. ಬರಿಯ ಬಿ.ಎ. ಪದವಿಯಿಂದ ಒಳ್ಳೆಯ ಸಂಬಳದ ಕೆಲಸ ಸಿಗುವುದು ಕಷ್ಟ. ಸ್ನಾತಕೋತ್ತರ ಪದವಿ ಪಡೆದೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ಅಭದ್ರತೆಯಲ್ಲಿ ದಿನ ದೂಡುವವರು ನಮ್ಮ ನಡುವೆಯೇ ಇದ್ದಾರೆ. ಪರೀಕ್ಷೆಯ ಹಿಂದಿನ ವಾರ ಗೈಡು ತಂದು ಉರು ಹೊಡೆದು ಪಾಸಾಗುವ ಪದವಿಯು ವಿಶಾಲವಾದ ಶಿಕ್ಷಣವೂ ಅಲ್ಲ, ಜೀವನೋಪಾಯವೂ ಅಲ್ಲ. ಮಾನವಿಕ ವಿಷಯಗಳನ್ನು ಆರಿಸುವವರು ಮೂರು ವರ್ಷಗಳ ಲೆಕ್ಕವನ್ನು ಬಿಟ್ಟು ಐದು ವರ್ಷಗಳ ಲೆಕ್ಕ ಹಾಕಬೇಕು. ಪದವಿಯ ಬಳಿಕ ಎರಡು ವರ್ಷಗಳ ಬಿ.ಎಡ್. ಮಾಡಿ ಅಧ್ಯಾಪನಕ್ಕೆ ಹೋಗಬಹುದು. ಮೂರು ವರ್ಷಗಳ ಕಾನೂನು ಪದವಿ ಪಡೆದು ವಕೀಲರಾಗಬಹುದು. ಪಿಯುಸಿ ಮುಗಿದೊಡನೆ ಐದು ವರ್ಷಗಳ ಬಿ.ಎ., ಎಲ್‌ಎಲ್‌.ಬಿ.ಗೆ ಸೇರಬಹುದು. ಸಮಾಜಕಾರ್ಯ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ, ಅನುವಾದ, ಸ್ಪರ್ಧಾತ್ಮಕ ಪರೀಕ್ಷೆ ಎಂಬ ದಾರಿಗಳಿವೆ. ಇವುಗಳಲ್ಲಿ ಒಂದನ್ನಾದರೂ ಮೊದಲ ವರ್ಷದಿಂದಲೇ ಕಣ್ಣ ಮುಂದಿಟ್ಟುಕೊಳ್ಳದೆ ಬಿ.ಎ.ಗೆ ಸೇರುವುದು ದಿಕ್ಸೂಚಿಯಿಲ್ಲದೆ ದೋಣಿ ಇಳಿಸಿದಂತೆ.

ಸಾಲದ ಹೊರೆ ಹೊತ್ತ ಮನೆ, ಕಾಯಿಲೆಯ ತಂದೆ, ಮದುವೆಗೆ ನಿಂತ ತಂಗಿ, ಇವರೆಲ್ಲರ ನಡುವೆ ಇರುವ ಹಿರಿಯ ಮಗನಿಗೆ ಐದು ವರ್ಷ ಕಾಯಲು ಹೇಳುವ ಹಕ್ಕು ನಮಗಿಲ್ಲ. ತನ್ನ ಆಶ್ರಿತರನ್ನು ಕೈಬಿಡುವುದು ಪಾಪವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಕುಟುಂಬಕ್ಕಾಗಿ ಮಾಡುವ ಖರ್ಚನ್ನು ಸದಕವೆಂದು ಕರೆದಿದ್ದಾರೆ. ಅಂತಹ ಮಗ ಐಟಿಐ ಅಥವಾ ಪಾಲಿಟೆಕ್ನಿಕ್ ಸೇರಿ ಬೇಗ ದುಡಿಯತೊಡಗುವುದು ಆರಾಧನೆಯೇ. ಆದರೆ ಅದು ಅವನ ಓದಿನ ಕೊನೆಯಾಗಬೇಕಿಲ್ಲ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮೈಸೂರಿನಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಇಗ್ನೋ ಮೂಲಕ, ಪ್ರವೇಶದ ಅರ್ಹತೆಯಿದ್ದವರು ದುಡಿಯುತ್ತಲೇ ಬಿ.ಎ. ಓದಬಹುದು. 2022ರಿಂದ ಯುಜಿಸಿಯು ನಿಯಮಗಳಿಗೆ ಒಳಪಟ್ಟು ಏಕಕಾಲದಲ್ಲಿ ಎರಡು ಪದವಿಗಳನ್ನು ಓದಲು ಸಹ ಅವಕಾಶ ನೀಡಿದೆ. ಬಾಗಿಲುಗಳು ಹಿಂದಿಗಿಂತ ಹೆಚ್ಚು ತೆರೆದಿವೆ. ಅವುಗಳ ಮುಂದೆ ನಿಲ್ಲುವವರು ಕಡಿಮೆ.

ಇನ್ನೊಂದು ಭ್ರಮೆಯನ್ನೂ ಕಳಚಬೇಕಾಗಿದೆ. ವೃತ್ತಿ ಕೋರ್ಸ್ ಎಂದರೆ ಬದುಕಿನುದ್ದಕ್ಕೂ ಭದ್ರತೆ ಎಂದು ನಾವು ನಂಬಿದ್ದೇವೆ. ನಮ್ಮ ಹಿರಿಯರ ಕಸುಬುಗಳನ್ನೇ ನೆನಪಿಸಿಕೊಳ್ಳೋಣ. ಹತ್ತಿ ಹಿಂಜುವ ಪಿಂಜಾರರ ಬಿಲ್ಲಿನ ನಾದ ಬೀದಿಗಳಲ್ಲಿ ಕೇಳಿಸುತ್ತಿತ್ತು. ಕಾರ್ಖಾನೆಯ ಹಾಸಿಗೆಗಳು ಬಂದವು, ಆ ನಾದ ಅಡಗಿತು. ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರ ಕುಲುಮೆ ಸ್ಟೀಲ್ ಪಾತ್ರೆಗಳ ಮುಂದೆ ಆರಿತು. ಒಂದು ಕಾಲದಲ್ಲಿ ಪಟ್ಟಣಗಳಲ್ಲೆಲ್ಲ ಇದ್ದ ಟೈಪಿಂಗ್ ತರಬೇತಿ ಕೇಂದ್ರಗಳು ಕಂಪ್ಯೂಟರಿನೊಂದಿಗೆ ಮುಚ್ಚಿಹೋದವು. ಸೌದಿ ಅರೇಬಿಯಾ 2011ರಲ್ಲಿ ನಿತಾಕಾತ್ ನೀತಿಯನ್ನು ತಂದು ಸ್ವದೇಶಿಯರಿಗೆ ಕೆಲಸ ಕೊಡುವುದನ್ನು ಕಡ್ಡಾಯಗೊಳಿಸಿದಾಗ ಊರಿಗೆ ಮರಳಿದವರ ಕಳವಳ ಕರಾವಳಿಯ ಮನೆಗಳಿಗೆ ಇಂದಿಗೂ ನೆನಪಿದೆ. ಒಂದೇ ಕೆಲಸವನ್ನು ಮಾತ್ರ ಬಲ್ಲವನಿಗೆ ಆ ಕೆಲಸ ಹೋದಾಗ ನೆಲವೇ ಕುಸಿಯುತ್ತದೆ. ಓದಿ ಅರ್ಥ ಮಾಡಿಕೊಳ್ಳುವ, ಸ್ಪಷ್ಟವಾಗಿ ಬರೆಯುವ, ಕರಾರುಪತ್ರವನ್ನು ಸಹಿಗೆ ಮೊದಲು ಗ್ರಹಿಸುವ, ಹೊಸದನ್ನು ಕಲಿಯುವ ಶಕ್ತಿಯಿದ್ದವನು ಇನ್ನೊಂದು ನೆಲೆಯನ್ನು ಕಂಡುಕೊಳ್ಳುತ್ತಾನೆ.

ಈ ಮಾತನ್ನು ಸರಕಾರದ ಶಿಕ್ಷಣ ತಜ್ಞರೂ ಒಪ್ಪಿದ್ದಾರೆ. ಯುಜಿಸಿಯು 2014ರಲ್ಲಿ ಬಿ.ವೋಕ್. ಎಂಬ ವೃತ್ತಿಪರ ಪದವಿಯನ್ನು ಆರಂಭಿಸಿದಾಗ ಶೇ. 60ರಷ್ಟು ಕೌಶಲಕ್ಕೂ ಉಳಿದ ಶೇ. 40ರಷ್ಟನ್ನು ಸಾಮಾನ್ಯ ಶಿಕ್ಷಣಕ್ಕೂ ಮೀಸಲಿಟ್ಟಿತು. ಒಂದು ವರ್ಷಕ್ಕೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ ಎಂದು ನಡುವೆ ಇಳಿಯಲು ಮೆಟ್ಟಿಲುಗಳನ್ನೂ ಇಟ್ಟಿತು. ಇದಕ್ಕೆ ಬಹಳ ಮೊದಲೇ, 1937ರಲ್ಲಿ, ವಾರ್ಧಾ ಶಿಕ್ಷಣ ಯೋಜನೆಯ ಸಮಿತಿಯ ನೇತೃತ್ವ ವಹಿಸಿದ ಡಾ. ಝಾಕಿರ್ ಹುಸೇನ್ ಅವರು ಕೈಕಸುಬಿನ ಮೂಲಕವೇ ಭಾಷೆ, ಗಣಿತ, ಸಮಾಜ ವಿಷಯಗಳನ್ನು ಕಲಿಸುವ ಪದ್ಧತಿಯನ್ನು ದೇಶದ ಮುಂದಿಟ್ಟರು. ಬರ್ಲಿನ್‌ನಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಜಾಮಿಯಾ ಮಿಲ್ಲಿಯಾದ ಹೊಣೆ ಹೊತ್ತು, ಮುಂದೆ ರಾಷ್ಟ್ರಪತಿಯಾದ ಅವರು ಕೈಗೂ ಬುದ್ಧಿಗೂ ನಡುವೆ ಗೋಡೆ ಕಟ್ಟಲಿಲ್ಲ.

ನಮ್ಮ ನಾಡಿನ ಉದಾಹರಣೆಗಳೂ ಇದನ್ನೇ ಹೇಳುತ್ತವೆ. ನಿತ್ಯೋತ್ಸವದ ಕವಿ ಕೆ.ಎಸ್. ನಿಸಾರ್ ಅಹಮದ್ ಕಾಲೇಜಿನಲ್ಲಿ ಬೋಧಿಸಿದ್ದು ಭೂವಿಜ್ಞಾನವನ್ನು. ಕಾದಂಬರಿಕಾರ ಬೊಳುವಾರು ಮಹಮದ್ ಕುಂಞಿ ದುಡಿದದ್ದು ಬ್ಯಾಂಕಿನಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ವೃತ್ತಿಯಲ್ಲಿ ವಕೀಲರು. ಕರ್ನಾಟಕದ ಸೂಫಿಗಳ ಕುರಿತು ಊರೂರು ಅಲೆದು ಬರೆದ ರಹಮತ್ ತರೀಕೆರೆ ಕನ್ನಡದ ಪ್ರಾಧ್ಯಾಪಕರಾಗಿದ್ದವರು. ಇವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದೇನಿಲ್ಲ. ಆದರೆ ಅನ್ನದ ದಾರಿ ಮತ್ತು ಅಕ್ಷರದ ದಾರಿ ಒಂದೇ ಬದುಕಿನಲ್ಲಿ ಜೊತೆಯಾಗಿ ಸಾಗಬಲ್ಲವು ಎಂಬುದಕ್ಕೆ ಇವರು ಸಾಕ್ಷಿ.

ಹಾಗಾಗಿ ಆಯ್ಕೆಯ ಮುನ್ನ ಪ್ರತಿ ಮನೆಯೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಮೊದಲನೆಯದು, ಈ ಮಗುವಿಗೆ ಅಲ್ಲಾಹನು ಯಾವ ಒಲವನ್ನು, ಯಾವ ಶಕ್ತಿಯನ್ನು ಅಮಾನತ್ತಾಗಿ ಕೊಟ್ಟಿದ್ದಾನೆ? ಎರಡನೆಯದು, ನಮ್ಮ ಮನೆ ಪ್ರಾಮಾಣಿಕವಾಗಿ ಎಷ್ಟು ವರ್ಷ ಕಾಯಬಲ್ಲದು? ಮೂರನೆಯದು, ಈ ಕೋರ್ಸಿನ ನಿಜವಾದ ಬೆಲೆಯೇನು? ಕರಪತ್ರದ ಭರವಸೆಯನ್ನು ನಂಬದೆ, ಕೋರ್ಸಿಗೆ ಸಂಬಂಧಪಟ್ಟ ವಿಶ್ವವಿದ್ಯಾನಿಲಯದ ಅಥವಾ ಪರಿಷತ್ತಿನ ಮಾನ್ಯತೆ ಇದೆಯೇ, ಪಾಠ ಮಾಡುವವರು ಯಾರು, ಕಳೆದ ಮೂರು ವರ್ಷ ಅಲ್ಲಿಂದ ಹೊರಬಂದವರು ಈಗ ಎಲ್ಲಿದ್ದಾರೆ ಎಂದು ನೇರವಾಗಿ ಹೋಗಿ ವಿಚಾರಿಸಬೇಕು. ಈ ವಿಚಾರಣೆ ಬಿ.ಎ. ಕಾಲೇಜಿಗೂ ಅನ್ವಯಿಸುತ್ತದೆ. ನಾಲ್ಕನೆಯದು, ನಮ್ಮ ಊರಿನಲ್ಲಿ, ನಮ್ಮ ಜಮಾಅತಿನಲ್ಲಿ ಯಾವ ಸ್ಥಾನ ಖಾಲಿ ಬಿದ್ದಿದೆ? ಈ ನಾಲ್ಕನೆಯ ಪ್ರಶ್ನೆಯನ್ನು ನಾವು ಕೇಳುವುದನ್ನೇ ಬಿಟ್ಟಿದ್ದೇವೆ. ಬಲ್ಲವರೊಂದಿಗೆ ಮಶ್ವರ ನಡೆಸಿ, ಮಗುವಿನ ಮಾತಿಗೂ ಕಿವಿಗೊಟ್ಟು, ಇಸ್ತಿಖಾರ ನಮಾಝ್ ನಿರ್ವಹಿಸಿ ಕೈಗೊಂಡ ನಿರ್ಧಾರದಲ್ಲಿ ಬರ್ಕತ್ ಇರುತ್ತದೆ ಎಂಬುದು ನಮ್ಮ ವಿಶ್ವಾಸ.

ಹೆಣ್ಣುಮಕ್ಕಳ ವಿಚಾರದಲ್ಲಿ ಒಂದು ಮಾತನ್ನು ಪ್ರತ್ಯೇಕವಾಗಿ ಹೇಳಲೇಬೇಕು. "ಮದುವೆಯಾಗುವ ತನಕ ಏನಾದರೂ ಓದುತ್ತಿರಲಿ" ಎಂದು ಅನೇಕರು ಮಗಳನ್ನು ಬಿ.ಎ.ಗೆ ಸೇರಿಸುತ್ತಾರೆ, ಸಂಬಂಧ ಕುದುರಿದೊಡನೆ ಎರಡನೆಯ ವರ್ಷಕ್ಕೇ ಬಿಡಿಸುತ್ತಾರೆ. ಇದರಿಂದ ವಿದ್ಯೆಗೂ ಅವಮಾನ, ಮಗಳಿಗೂ ಅವಮಾನ. ಇನ್ನು ಕೆಲವರು ಆಕೆಯ ಇಷ್ಟವನ್ನು ಕೇಳದೆಯೇ ನರ್ಸಿಂಗ್ ಎಂದೋ ಲ್ಯಾಬ್ ಎಂದೋ ತೀರ್ಮಾನಿಸಿಬಿಡುತ್ತಾರೆ. ಆ ವೃತ್ತಿಗಳು ಅತ್ಯಂತ ಗೌರವದವು. ನಮ್ಮ ಮಹಿಳೆಯರಿಗೆ ಮುಸ್ಲಿಮ್ ದಾದಿಯರೂ ಬೇಕು, ವೈದ್ಯೆಯರೂ ಬೇಕು. ಹಾಗೆಯೇ ಅವರ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲುವ ವಕೀಲೆಯರೂ, ಅವರ ಮಕ್ಕಳಿಗೆ ಕಲಿಸುವ ಅಧ್ಯಾಪಕಿಯರೂ, ಅವರ ಬದುಕನ್ನು ಬರೆಯುವ ಲೇಖಕಿಯರೂ ಬೇಕು. ಒಲವಿಲ್ಲದವಳನ್ನು ತಳ್ಳಿದರೆ ಎಲ್ಲಿಯೂ ಒಳಿತಾಗದು.

ಜಮಾಅತ್‌ಗಳಿಗೂ ನಮ್ಮ ವಿನಂತಿಯಿದೆ. ವಾರ್ಷಿಕ ಸನ್ಮಾನ ಸಭೆಗಳಲ್ಲಿ ವೇದಿಕೆ ಏರುವವರು ಯಾರು? ವೈದ್ಯಕೀಯ ಸೀಟು ಪಡೆದವರು, ಎಂಜಿನಿಯರಿಂಗ್ ಮುಗಿಸಿದವರು. ಐಟಿಐಯಲ್ಲಿ ಒಳ್ಳೆಯ ದರ್ಜೆ ಪಡೆದ ವೆಲ್ಡರ್ ಹುಡುಗನಿಗೆ, ಎಂ.ಎ. ಕನ್ನಡದಲ್ಲಿ ಉತ್ತಮ ಅಂಕ ಪಡೆದ ಹುಡುಗಿಗೆ ನಾವು ಎಂದಾದರೂ ಶಾಲು ಹೊದಿಸಿದ್ದೇವೆಯೇ? ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ "ವೃತ್ತಿಪರ ಕೋರ್ಸುಗಳಿಗೆ ಮಾತ್ರ" ಎಂಬ ಸಾಲು ಏಕಿರಬೇಕು? ಕಾಲೇಜಿನ ಶುಲ್ಕಕ್ಕಾಗಿ ಬಡ್ಡಿಯ ಸಾಲದತ್ತ ಕೈಚಾಚಬೇಕಾದ ಸಂಕಟದಲ್ಲಿರುವ ಮನೆಗಳಿಗೆ ಬಡ್ಡಿರಹಿತ ಸಾಲ ಒದಗಿಸುವ ಚಿಕ್ಕ ನಿಧಿಯೊಂದನ್ನು ಪ್ರತಿ ಜಮಾಅತ್ ಕೂಡ ಕಟ್ಟಬಲ್ಲದು. ಫರ್ಝ್ ಕಿಫಾಯ ಎಂದರೆ ಒಬ್ಬ ಮಗು ಎಲ್ಲರ ಪರವಾಗಿ ಹೊರುವ ಹೊರೆ. ಹೊರೆ ಹೊತ್ತವನನ್ನು ಒಬ್ಬಂಟಿಯಾಗಿ ಬಿಟ್ಟು ಪುಣ್ಯದಲ್ಲಿ ಮಾತ್ರ ಪಾಲು ಕೇಳುವುದು ನ್ಯಾಯವಲ್ಲ.

ಆ ತಂದೆಯ ವಿಷಯಕ್ಕೆ ಮರಳೋಣ. ಅಂದು ಜಗಲಿಯಲ್ಲಿ ನಾವು ಅವರಿಗೆ ದೊಡ್ಡ ಉಪದೇಶವನ್ನೇನೂ ಮಾಡಲಿಲ್ಲ. ದಾವೂದ್(ಅ) ಅವರ ಕಬ್ಬಿಣದ ಪ್ರಸಂಗವನ್ನು ನೆನಪಿಸಿದೆವು. ಮಕ್ಕಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಮ್ಮೆ ಕೇಳಿ ನೋಡಿ ಎಂದೆವು. ಅವರು ಸ್ವಲ್ಪ ಹೊತ್ತು ತಮ್ಮ ಅಂಗೈಯನ್ನೇ ನೋಡುತ್ತಾ ಕುಳಿತಿದ್ದರು. ವುಝೂ ಮಾಡಿ ಎಷ್ಟು ಉಜ್ಜಿದರೂ ಗೆರೆಗಳಲ್ಲಿ ಕಪ್ಪು ಉಳಿದ ಅಂಗೈ. ಇಶಾ ಅಝಾನ್ ಆಯಿತು, ಎದ್ದೆವು. ಮಗ ಇಂದು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಡಿಪ್ಲೊಮಾ ಓದುತ್ತಿದ್ದಾನೆ. ಮಗಳು ಬಿ.ಎ.ಗೆ ಸೇರಿದ್ದಾಳೆ, ಮುಂದೆ ಕಾನೂನು ಓದಬೇಕೆಂಬ ಆಸೆ ಅವಳಿಗಿದೆ. ತಂದೆಗೆ ಇನ್ನೂ ಅಳುಕಿದೆ, ಸಿಕ್ಕಾಗಲೆಲ್ಲ "ಸರಿಯಾಯಿತಲ್ಲವೇ?" ಎಂದು ಕೇಳುತ್ತಾರೆ. ಸರಿಯಾಗುವುದೋ ಇಲ್ಲವೋ ಎಂಬುದು ಅವರಿಬ್ಬರ ಶ್ರಮಕ್ಕೂ ಅಲ್ಲಾಹನ ಇಚ್ಛೆಗೂ ಸೇರಿದ್ದು. ಆದರೆ ಅವರು ಮಕ್ಕಳ ಮುಖ ನೋಡಿ ನಿರ್ಧರಿಸಿದರು. ತಂದೆಯೊಬ್ಬರು ಮಾಡಬಹುದಾದುದು ಇಷ್ಟು, ಮಾಡಬೇಕಾದುದೂ ಇದೇ.

ಪ್ರಯೋಜನವಿಲ್ಲದ ಜ್ಞಾನದಿಂದ ಪ್ರವಾದಿವರ್ಯರು(ಸ) ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು. ಪ್ರಯೋಜನ ಎಂಬ ಆ ಮಾತನ್ನು ತಿಂಗಳ ಸಂಬಳಕ್ಕೆ ಮಾತ್ರ ಕಿರಿದುಗೊಳಿಸದಿರೋಣ. ಮನೆಯನ್ನು ಪೊರೆಯುವ ಕೈಯೂ ಸಮುದಾಯದ ಪರವಾಗಿ ನುಡಿಯುವ ನಾಲಗೆಯೂ ಪ್ರಯೋಜನವೇ. ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಹಲಾಲ್ ಸಂಪಾದನೆಯನ್ನೂ, ನಮಗೆ ಅವರ ಒಲವನ್ನು ಗುರುತಿಸುವ ವಿವೇಕವನ್ನೂ ದಯಪಾಲಿಸಲಿ. ಆಮೀನ್.